ದಿಯುವಿನ ಮುತ್ತಿಗೆ ಮತ್ತು ಖ್ವಾಜಾ ಸಫರ್

ಮಕರಪುರದಿಂದ ರೈಲಿನಲ್ಲಿ ದಕ್ಷಿಣಕ್ಕೆ ಪಯಣಿಸಿದರೆ ಸೂರತ್ ನಗರವು ಸಿಗುತ್ತದೆ. ಅಲ್ಲಿ ತಾಪಿ ನದಿಯ ದಡದಲ್ಲಿ ಪುರಾತನವಾದ ಕೋಟೆಯೊಂದಿದೆ. ಅದನ್ನು ಕಟ್ಟಿಸಿದವನು ಖುದಾವಂದ ಖಾನನೆಂಬ ಬಿರುದನ್ನು ಪಡೆದ ಖ್ವಾಜಾ ಸಫರ್. ಅವನ ಜೀವನವು ವಿದ್ಯಾರ್ಥಿಗಳಾದ ನಮಗೆ ಒಂದು ಪಾಠದಂತಿದೆ.

ಯೂರೋಪಿನಲ್ಲಿ ಜನಿಸಿದ ಸಫರನು ತುರ್ಕರ ಸೇವೆಯಲ್ಲಿ ಬೆಳೆದು, 1531ರಲ್ಲಿ ಮುಸ್ತಫಾ ಎಂಬ ಸೇನಾನಿಯೊಡನೆ ಗುಜರಾತಿನ ದಿಯು ದ್ವೀಪಕ್ಕೆ ಬಂದನು. ಆ ವರ್ಷವೇ ಪೋರ್ಚುಗೀಸರು ದೊಡ್ಡ ನೌಕಾಬಲದೊಡನೆ ದಿಯುವಿನ ಮೇಲೆ ದಾಳಿ ಮಾಡಿ, ಮುಸ್ತಫಾನ ಫಿರಂಗಿಗಳ ಮುಂದೆ ಸೋತು ಹಿಂದಿರುಗಿದರು. ಆದರೆ 1535ರಲ್ಲಿ ಮೊಗಲ ದೊರೆ ಹುಮಾಯೂನನಿಂದ ಪೀಡಿತನಾದ ಸುಲ್ತಾನ್ ಬಹಾದೂರ್ ಷಾ ಅವರ ನೆರವನ್ನು ಬಯಸಿ, ಅಲ್ಲಿ ಕೋಟೆ ಕಟ್ಟಲು ಅನುಮತಿಯಿತ್ತನು. ಎರಡೇ ವರ್ಷಗಳಲ್ಲಿ, 1537ರಲ್ಲಿ, ದಿಯುವಿನ ಕಡಲಿನಲ್ಲಿ ಪೋರ್ಚುಗೀಸರೊಡನೆ ನಡೆದ ಕಾದಾಟದಲ್ಲಿ ಸುಲ್ತಾನನು ಹತನಾದನು. ಜೊತೆಯಲ್ಲಿದ್ದ ಸಫರನು ಪ್ರಾಣ ಉಳಿಸಿಕೊಂಡನು. ಅಂದಿನಿಂದ ಆ ಕೋಟೆಯನ್ನು ಗೆಲ್ಲುವುದೇ ಅವನ ಬಾಳಿನ ಗುರಿಯಾಯಿತು.

1538ರಲ್ಲಿ ಸಫರನು ಗುಜರಾತಿನ ಸೈನ್ಯದೊಡನೆ ನೆಲದ ಕಡೆಯಿಂದ ಕೋಟೆಯನ್ನು ಮುತ್ತಿದನು. ಸೆಪ್ಟೆಂಬರಿನಲ್ಲಿ ತುರ್ಕರ ಸೇನಾಪತಿ ಸುಲೇಮಾನ್ ಪಾಷಾ ಸೂಯೆಜ್‌ನಿಂದ ಸುಮಾರು 70 ಹಡಗುಗಳನ್ನು ತಂದು ಕಡಲಿನ ದಾರಿಯನ್ನು ಕಟ್ಟಿದನು. ಗೆಲುವು ಕೈಗೆಟುಕುವಂತಿತ್ತು. ಆದರೆ ಪಾಷಾನು ಬರುವ ದಾರಿಯಲ್ಲಿ ಏಡನ್ನಿನ ದೊರೆಯನ್ನು ವಂಚಿಸಿ ನೇಣಿಗೇರಿಸಿದ್ದನು. ದಿಯುವಿನಲ್ಲಿಯೂ ಅವನ ಸೈನಿಕರು ಊರನ್ನು ಸುಲಿದರು. ನಾಳೆ ನಮಗೂ ಇದೇ ಗತಿಯಾದೀತೆಂದು ಗುಜರಾತಿನ ಸರದಾರರು ಶಂಕಿಸಿ ನೆರವಿನಿಂದ ಹಿಂಜರಿದರು. ನವೆಂಬರಿನ ಮೊದಲಲ್ಲಿ ಪೋರ್ಚುಗೀಸರ ಕೆಲವು ಸಣ್ಣ ಹಡಗುಗಳು ಕಾಣಿಸಿಕೊಂಡೊಡನೆ, ಮಹಾ ನೌಕಾಪಡೆಯೇ ಬಂದಿತೆಂದು ಭ್ರಮಿಸಿ ಪಾಷಾನು ಹೊರಟುಹೋದನು. ಆಗ ಕೋಟೆಯೊಳಗೆ ಹೋರಾಡಬಲ್ಲವರು ಸುಮಾರು 40 ಮಂದಿ ಮಾತ್ರ ಉಳಿದಿದ್ದರು! ಇನ್ನು ಕೆಲವೇ ದಿನ ತಾಳ್ಮೆಯಿಂದ ನಿಂತಿದ್ದರೆ, ಮಿತ್ರರನ್ನು ಮಿತ್ರರಂತೆ ಕಂಡಿದ್ದರೆ, ದಿಯು ಅವರದಾಗುತ್ತಿತ್ತು.

ಸಫರನು ಎದೆಗುಂದಲಿಲ್ಲ. ಸುಲ್ತಾನ್ ಮೂರನೆಯ ಮಹಮೂದನ ಆಜ್ಞೆಯಂತೆ, ಪೋರ್ಚುಗೀಸರ ದಾಳಿಗೆ ಪದೇ ಪದೇ ತುತ್ತಾಗುತ್ತಿದ್ದ ಸೂರತ್ತಿಗೆ ಭದ್ರವಾದ ಕೋಟೆಯನ್ನು ಕಟ್ಟಿಸಿದನು. 1546ರ ಏಪ್ರಿಲಿನಲ್ಲಿ ಪುನಃ ದಿಯುವನ್ನು ಮುತ್ತಿದನು. ಈ ಸಲ ಸೈನ್ಯದಲ್ಲಿ ಒಗ್ಗಟ್ಟಿತ್ತು. ಆದರೆ ಕಡಲನ್ನು ಕಾಯಲು ನೌಕಾಪಡೆಯಿರಲಿಲ್ಲ. ಗೋವೆಯಿಂದ ವೈರಿಗೆ ಜನವೂ ಮದ್ದುಗುಂಡೂ ಬರುತ್ತಲೇ ಇದ್ದವು. ಜೂನ್ ತಿಂಗಳಲ್ಲಿ ಸಫರನು ಫಿರಂಗಿಯ ಗುಂಡು ತಗುಲಿ ರಣರಂಗದಲ್ಲಿಯೇ ಮಡಿದನು. ಹೋರಾಟವನ್ನು ಮುಂದುವರಿಸಿದ ಅವನ ಮಗನೂ ನವೆಂಬರಿನಲ್ಲಿ ಬಿದ್ದನು. ಮುತ್ತಿಗೆಯು ಮುರಿಯಿತು. ದಿಯು ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದುದು 1961ರಲ್ಲಿ.

ಮೊದಲ ಸಲ ಹಡಗುಗಳಿದ್ದವು, ವಿಶ್ವಾಸವಿರಲಿಲ್ಲ. ಎರಡನೆಯ ಸಲ ವಿಶ್ವಾಸವಿತ್ತು, ಹಡಗುಗಳಿರಲಿಲ್ಲ. ಎರಡೂ ಒಮ್ಮೆಗೇ ಕೂಡಿದ್ದರೆ ನಮ್ಮ ಪಶ್ಚಿಮ ತೀರದ ಇತಿಹಾಸವೇ ಬೇರೆಯಾಗುತ್ತಿತ್ತೇನೋ! ಬಲವೊಂದೇ ಗೆಲುವನ್ನು ತಾರದು. ಜೊತೆಗಾರರ ನಂಬಿಕೆಯೂ ಬೇಕು. ಸೂರತ್ತಿನಲ್ಲಿರುವ ಸಫರನ ಗೋರಿಯನ್ನು ಕಂಡಾಗ ನಾವು ಈ ಮಾತನ್ನು ಸ್ಮರಿಸೋಣ.