ರಣಧೀರ ಕಂಠೀರವ ನರಸರಾಜ ಒಡೆಯರು: ಕತ್ತಿವರಸೆಯ ನೆಲೆಯಿಂದ ಒಂದು ಜೀವನಚಿತ್ರ

ಶ್ರೀರಂಗಪಟ್ಟಣದ ನರಸಿಂಹ ದೇವಾಲಯದಲ್ಲಿ ಎತ್ತರದ ಪೀಠದ ಮೇಲೆ ಸುಮಾರು ಮೂರೂವರೆ ಅಡಿ ಎತ್ತರದ ಒಂದು ಶಿಲ್ಪವಿದೆ. ನಿಲುವಂಗಿ ತೊಟ್ಟು ನಿಂತಿರುವ ಆ ವ್ಯಕ್ತಿಯ ಎಡಬದಿಯಲ್ಲಿ ಕತ್ತಿ, ಗುರಾಣಿ, ಬಾಕುಗಳಿವೆ. ಕೈಗಳು ಮಾತ್ರ ಮುಗಿದಿವೆ. ಪೀಠದಲ್ಲಿ ಕೊರೆದಿರುವ ಹೆಸರು ಆ ದೇವಾಲಯವನ್ನು ಕಟ್ಟಿಸಿದ ಕಂಠೀರವ ನರಸರಾಜ ಒಡೆಯರದು. ಜನಮನದಲ್ಲಿ ನೆಲೆಗೊಂಡಿರುವ ‘ರಣಧೀರ’ನ ಚಿತ್ರದಲ್ಲಿ ಕತ್ತಿ ಸದಾ ಒರೆಯಿಂದ ಹೊರಗಿರುತ್ತದೆ. ಅವರದೇ ದೇವಾಲಯದ ಶಿಲ್ಪದಲ್ಲಿ ಅದು ಮಗ್ಗುಲಲ್ಲಿ ತಣ್ಣಗೆ ನಿಂತಿದೆ. ಈ ಅರಸರ ಜೀವನವನ್ನು ಬರೆದವರಲ್ಲಿ ಹೆಚ್ಚಿನವರು ಅವರ ತೋಳ್ಬಲವನ್ನು ಕೊಂಡಾಡಿದ್ದಾರೆ; ಆ ತೋಳು ಕಲಿತ ವಿದ್ಯೆಯ ಕಡೆಗೆ ಗಮನ ಹರಿದಿರುವುದು ಕಡಿಮೆ. ಕತ್ತಿಯ ಹೊಡೆತ ಬಲದ ಫಲವೇ, ಅಭ್ಯಾಸದ ಫಲವೇ ಎಂಬ ಪ್ರಶ್ನೆಗೆ ದೊರೆಯುವ ಉತ್ತರದಿಂದ ಕಂಠೀರವರ ವ್ಯಕ್ತಿತ್ವದ ಅರ್ಥವೂ ಬದಲಾಗುತ್ತದೆ.

ಕಂಠೀರವ ನರಸರಾಜರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು, ಶ್ರೀರಂಗಪಟ್ಟಣವನ್ನು 1610ರಲ್ಲಿ ವಶಪಡಿಸಿಕೊಂಡ ರಾಜ ಒಡೆಯರ ಸೋದರ. ಹುಟ್ಟಿನಿಂದ ಸಿಂಹಾಸನ ಇವರಿಗೆ ನಿಶ್ಚಿತವಾಗಿರಲಿಲ್ಲ. ಅರಮನೆಯಿಂದ ದೂರವಾಗಿ ತೆರಕಣಾಂಬಿಯಲ್ಲಿ ಬೆಳೆದ ತರುಣನಿಗೆ ಅಧಿಕಾರಕ್ಕಿಂತ ಮೊದಲು ದೊರೆತದ್ದು ಗರಡಿ. 1638ರಲ್ಲಿ ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ವಿಷಪ್ರಯೋಗಕ್ಕೆ ಬಲಿಯಾದರು. ಅದೇ ವರ್ಷದ ನವೆಂಬರಿನಲ್ಲಿ ಕಂಠೀರವರು ಪಟ್ಟಕ್ಕೆ ಬಂದರು. ದಳವಾಯಿಯನ್ನು ಕೊಲ್ಲಿಸಿ ಆಡಳಿತದ ಹಗ್ಗವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಅವರಿಗೆ ಇಪ್ಪತ್ತಮೂರು ವರ್ಷ.

ಪಟ್ಟಕ್ಕೆ ಮೊದಲಿನ ದಿನಗಳಿಗೆ ಸೇರಿದ ಐತಿಹ್ಯವೊಂದು ಎಲ್ಲರಿಗೂ ಪರಿಚಿತ. ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗುಹಾಕಿ, ಅದರ ಕೆಳಗೆ ಹಾದುಹೋಗುವ ಪ್ರತಿಯೊಬ್ಬನೂ ತನಗೆ ಸೋತಂತೆ ಎಂದು ಮೆರೆಯುತ್ತಿದ್ದನಂತೆ. ಸುದ್ದಿ ಕೇಳಿದ ಕಂಠೀರವರು ಮಾರುವೇಷದಲ್ಲಿ ಹೋಗಿ, ಅವನನ್ನು ಕತ್ತಿಕಾಳಗದಲ್ಲಿ ಕೊಂದು, ಸನ್ಮಾನಕ್ಕೂ ಕಾಯದೆ ಹಿಂತಿರುಗಿದರೆಂಬುದು ಕಥೆ. ವಿಲ್ಕ್ಸ್ 19ನೆಯ ಶತಮಾನದ ಆರಂಭದಲ್ಲಿ ಇದನ್ನು ದಾಖಲಿಸಿದ. ಅಷ್ಟರಲ್ಲಿ ಘಟನೆಯದೆಂದು ಹೇಳಲಾಗುವ ಕಾಲದಿಂದ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಳೆದಿತ್ತು. ಆದುದರಿಂದ ಇದನ್ನು ಚರಿತ್ರೆಯೆಂದು ನೇರವಾಗಿ ಸ್ವೀಕರಿಸಲಾಗದು. ಆದರೆ ಕಥೆಯ ತಿರುಳಿನಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಎದುರಾಳಿ ಬಲಿಷ್ಠನೆಂದೇ ಕಥೆ ಹೇಳುತ್ತದೆ. ಗೆದ್ದವನು ಅವನಿಗಿಂತ ಬಲಿಷ್ಠನೆಂದು ಅದು ಹೇಳಬೇಕಾಗಿಲ್ಲ. ಮಲ್ಲಯುದ್ಧದಲ್ಲಿ ಮೈತೂಕಕ್ಕೆ ಇರುವ ಬೆಲೆ ಕತ್ತಿಯ ಕಾಳಗದಲ್ಲಿ ಇಲ್ಲ.

ಇದಕ್ಕೆ ಕಾರಣ ಅಲಗಿನ ಸ್ವಭಾವ. ಧಾರೆ ಮುಖ ಮಾಡಿರುವ ದಿಕ್ಕೂ ತೋಳು ಬೀಸುವ ದಿಕ್ಕೂ ಒಂದೇ ರೇಖೆಯಲ್ಲಿದ್ದರೆ ಮಾತ್ರ ಕತ್ತಿ ಒಳಗಿಳಿಯುತ್ತದೆ. ಮಣಿಕಟ್ಟು ಕೊಂಚ ತಿರುಗಿದರೂ ಅದು ದೊಣ್ಣೆಯ ಪೆಟ್ಟಾಗುತ್ತದೆ. ಬಲ ಹೆಚ್ಚಿದಷ್ಟೂ ಕತ್ತಿ ಕೈಯಲ್ಲಿ ಹೊರಳುತ್ತದೆ, ಅಲಗು ಬಾಗುತ್ತದೆ ಅಥವಾ ಮುರಿಯುತ್ತದೆ. ಹಿಡಿಯನ್ನು ಮೊದಲಿನಿಂದಲೇ ಬಿಗಿಹಿಡಿದವನ ತೋಳು ನಿಧಾನವಾಗುತ್ತದೆ. ಬಿಗಿ ಬರಬೇಕಾದದ್ದು ಅಲಗು ತಾಗುವ ಕ್ಷಣದಲ್ಲಿ. ಏಟು ಹುಟ್ಟುವುದು ಪಾದ ಮತ್ತು ಸೊಂಟಗಳಲ್ಲಿ, ತೋಳು ಅದನ್ನು ಸಾಗಿಸುತ್ತದೆ ಅಷ್ಟೆ. ಮೊನೆಯಿಂದ ಗೇಣಿನಷ್ಟು ಕೆಳಗಿನ ಭಾಗ ಗುರಿಗೆ ತಗುಲುವಂತೆ ಅಂತರವನ್ನು ಅಳೆದುಕೊಳ್ಳದಿದ್ದರೆ ಉಳಿದೆಲ್ಲ ವ್ಯರ್ಥ. ಕೊಡವರ ಮದುವೆಗಳಲ್ಲಿ ಬಾಳೆ ಕಡಿಯುವ ವಿಧಿಯನ್ನು ನೋಡಿದವರಿಗೆ ಇದು ಸ್ಪಷ್ಟ: ಅಭ್ಯಾಸವಿಲ್ಲದವನ ಒಡಿಕತ್ತಿ ದಿಂಡಿನ ನಡುವೆ ಸಿಕ್ಕಿಕೊಳ್ಳುತ್ತದೆ, ಬಲ್ಲವನದು ಸಲೀಸಾಗಿ ಆಚೆ ಬರುತ್ತದೆ.

ಕನ್ನಡ ಭಾಷೆಯೇ ಈ ವಿದ್ಯೆಯ ಭೇದಗಳನ್ನು ಕ್ರಿಯಾಪದಗಳಲ್ಲಿ ಕಾಪಾಡಿಕೊಂಡಿದೆ. ಕಡಿ, ಕೊಯ್, ಅರಿ, ತಱಿ, ಸೀಳ್, ಇಱಿ ಇವುಗಳನ್ನು ಸಮಾನಾರ್ಥಕಗಳೆಂದು ನಿಘಂಟಿನಲ್ಲಿ ಒಟ್ಟುಗೂಡಿಸಬಹುದು. ಕೈಯ ಚಲನೆ ಮಾತ್ರ ಬೇರೆ ಬೇರೆ. ಕಡಿಯುವಾಗ ಅಲಗು ನೇರವಾಗಿ ಎರಗುತ್ತದೆ, ಕೊಯ್ಯುವಾಗ ಗುರಿಯ ಮೇಲೆ ಜಾರುತ್ತ ಸಾಗುತ್ತದೆ. ಕೊಡಲಿ ಮತ್ತು ಕುಡುಗೋಲುಗಳ ನಡುವಿನ ವ್ಯತ್ಯಾಸವೂ ಇದೇ. ನೇರ ಅಲಗಿನ ಖಡ್ಗ ಮೊದಲನೆಯ ಜಾತಿಗೆ ಹತ್ತಿರ. ಬಿಜಾಪುರದಂತಹ ದಖನಿ ಸೇನೆಗಳ ರಾವುತರು ಹಿಡಿದ ಬಾಗಿದ ತಲವಾರು ಎರಡನೆಯದಕ್ಕೆ ಹತ್ತಿರ. ಅದರ ಹಿಡಿಯ ತುದಿಯಲ್ಲಿರುವ ಬಿಲ್ಲೆ ಮಣಿಕಟ್ಟಿನ ಆಟವನ್ನು ತಡೆದು, ಭುಜದಿಂದ ಎಳೆದು ಕೊಯ್ಯುವಂತೆ ಮಾಡುತ್ತದೆ. ಶಾಸ್ತ್ರಗ್ರಂಥಗಳೂ ಬಲಕ್ಕಿಂತ ಚಲನೆಗೆ ಹೆಚ್ಚು ಜಾಗ ಕೊಟ್ಟಿವೆ. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಭ್ರಾಂತ, ಉದ್ಭ್ರಾಂತ, ಆವಿದ್ಧ, ಆಪ್ಲುತ ಮೊದಲಾಗಿ ಕತ್ತಿ-ಗುರಾಣಿಗಳ 32 ಗತಿಗಳನ್ನು ಹೆಸರಿಸಲಾಗಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದ ವಿನೋದಗಳ ಸಾಲಿನಲ್ಲಿ ಶಸ್ತ್ರವಿನೋದಕ್ಕೂ ಮಲ್ಲವಿನೋದಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿರುವುದು ಗಮನಾರ್ಹ. ಅರಸನಿಗೆ ಇವೆರಡೂ ಬೇರೆಬೇರೆ ವಿದ್ಯೆಗಳು.

ಅಲಗಿನ ಉಕ್ಕಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಕಾವೇರಿಯ ದಂಡೆಯಿಂದ ಉತ್ತರಕ್ಕೆ, ಮಧುಗಿರಿ-ಕೊರಟಗೆರೆಯ ಬೆಟ್ಟಸಾಲಿಗೆ ಹೋಗಬೇಕು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದಾಗ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟ. ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಸುತ್ತಿನ ಕುಲುಮೆಗಳೂ ಅವುಗಳಲ್ಲಿ ಸೇರಿವೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸಿರೆಲೆಗಳನ್ನಿಟ್ಟು ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುವ ಕ್ರಮ ಅದು. ಆ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಬಳಕೆಯಾಗುತ್ತಿತ್ತು. ಇಂಗಾಲದ ಅಂಶ ಹೆಚ್ಚಿರುವ ಮೂಸೆಯುಕ್ಕು ಒಳ್ಳೆಯ ಹರಿತವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ ಪೆಡಸೂ ಆಗಿರುತ್ತದೆ. ಅಡ್ಡ ಏಟನ್ನು, ತಿರುಚನ್ನು ಅದು ಸಹಿಸದು. ಕಮ್ಮಾರನ ಕೌಶಲ ಉಳಿಯಬೇಕಾದರೆ ಹಿಡಿದವನಿಗೂ ಕೌಶಲವಿರಬೇಕು. ಕಂಠೀರವರ ಖಡ್ಗಕ್ಕೆ ‘ವಿಜಯನಾರಸಿಂಹ’ವೆಂಬ ಹೆಸರಿತ್ತೆಂದು ಪರಂಪರೆ ನೆನೆಯುತ್ತದೆ, ಆಯುಧಕ್ಕೆ ಹೆಸರಿಡುವ ಮನೋಧರ್ಮದ ಹಿಂದೆ ಈ ಎಚ್ಚರವೂ ಇದ್ದಿರಬೇಕು.

ಇದೇ ಬೆಟ್ಟಸಾಲಿನ ಕಡೆಯಿಂದಲೇ ಹೊಸ ಅರಸರಿಗೆ ಮೊದಲ ಪರೀಕ್ಷೆ ಬಂದಿತು. ಮಧುಗಿರಿ, ಕೊರಟಗೆರೆ, ಪಾವಗಡ, ಸಿರಾ ಸೀಮೆಗಳು ಆಗ ಪಾಳೆಯಗಾರರ ಕೈಯಲ್ಲಿದ್ದವು. ರತ್ನಗಿರಿಯ ರಂಗಪ್ಪನಾಯಕ ಕಟ್ಟಲು ತೊಡಗಿದ ಸಿರಾ 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. ಬೆಂಗಳೂರೂ ಕೆಂಪೇಗೌಡರ ಕೈತಪ್ಪಿತು. ಈ ದಂಡಯಾತ್ರೆಗಳ ಅವಧಿಯಲ್ಲಿ ಸಿರಾದ ಕಸ್ತೂರಿ ರಂಗಪ್ಪನಾಯಕ ಸಂಧಾನದ ವೇಳೆಯಲ್ಲಿ ಅಫ್ಜಲ್ ಖಾನನಿಂದ ಹತನಾದ. ಇಪ್ಪತ್ತು ವರ್ಷಗಳ ತರುವಾಯ, ಕಂಠೀರವರು ತೀರಿಕೊಂಡ 1659ರಲ್ಲಿಯೇ, ಅದೇ ಅಫ್ಜಲ್ ಖಾನ್ ಪ್ರತಾಪಗಡದ ಬುಡದಲ್ಲಿ ಇನ್ನೊಂದು ಸಂಧಾನದ ಭೇಟಿಯಲ್ಲಿ ಶಿವಾಜಿಯಿಂದ ಸತ್ತದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು.

1639ರ ಜನವರಿಯಲ್ಲಿ ರಣದುಲ್ಲಾ ಖಾನನ ಸೇನೆ ಶ್ರೀರಂಗಪಟ್ಟಣವನ್ನು ಮುತ್ತಿತು. ಫಿರಂಗಿಯ ಹೊಡೆತಕ್ಕೆ ಕೋಟೆಯ ಗೋಡೆ ಒಂದೆಡೆ ಬಿರಿಯಿತು. ಬಿರುಕಿನಲ್ಲಿ ನುಗ್ಗಿದವರನ್ನು ಮೈಸೂರಿನವರು ತಡೆದು ಹಿಮ್ಮೆಟ್ಟಿಸಿದರು. ಕಂಠೀರವರು ಪಟ್ಟವೇರಿ ಎರಡು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಈ ಗೆಲುವನ್ನು ಒಬ್ಬ ವೀರನ ಕತ್ತಿಗೆ ಒಪ್ಪಿಸುವುದು ಸರಿಯಲ್ಲ. ಕೋಟೆ, ಹೊಳೆ, ದಳವಾಯಿಗಳು, ಹೆಸರಿಲ್ಲದ ಕಾಲಾಳುಗಳು ಎಲ್ಲರ ಪಾಲೂ ಅದರಲ್ಲಿದೆ. ಆದರೂ ಬಿರುಕಿನಂತಹ ಇಕ್ಕಟ್ಟಿನಲ್ಲಿ ಕತ್ತಿಯನ್ನು ತಲೆಯ ಮೇಲೆತ್ತಿ ಬೀಸಲು ಎಡೆಯಿರುವುದಿಲ್ಲ. ಚಿಕ್ಕ ಏಟು, ಗುರಾಣಿಯ ಮರೆ, ಮೊನೆಯ ಇರಿತ ಇವೇ ಅಲ್ಲಿ ಉಳಿಸುವಂಥವು, ಮತ್ತು ಇವು ಗರಡಿಯಲ್ಲಿ ವರ್ಷಗಟ್ಟಲೆ ಸಾಮು ಮಾಡಿದವರಿಗಷ್ಟೇ ಒದಗುವಂಥವು. ಸಿರಾ ಮಾತ್ರ ಬಿಜಾಪುರದ ನೆಲೆಯಾಗಿಯೇ ಮುಂದುವರಿಯಿತು; ಅಲ್ಲಿನ ಅಧಿಪತಿ ಮಲಿಕ್ ರಿಹಾನನ ಗೋರಿ 1651ರದು.

ಮುಂದಿನ ಎರಡು ದಶಕಗಳ ಕಂಠೀರವರು ಕಥೆಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಸ್ಥಾಪಿಸಿ ನರಸಿಂಹನ ಮುದ್ರೆಯ ಚಿನ್ನದ ಹಣವನ್ನು ಹೊರಡಿಸಿದವರು, ಬಂಗಾರದೊಡ್ಡಿ ನಾಲೆಯನ್ನು ಕಟ್ಟಿಸಿದವರು ಅವರೇ. ಗೋವಿಂದವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕೃತಿ 1648ರ ಹೊತ್ತಿಗೆ, ಅರಸರ ಜೀವಿತಕಾಲದಲ್ಲಿಯೇ ಸಿದ್ಧವಾಯಿತು. ಅದರ ಕರ್ತೃತ್ವದ ಚರ್ಚೆಯಲ್ಲಿ ಭಾರತಿ ನಂಜನ ಹೆಸರೂ ಬರುತ್ತದೆ. 1639ರ ಮುತ್ತಿಗೆಯೂ ನವರಾತ್ರಿಯ ಒಡ್ಡೋಲಗವೂ ಮಲ್ಲರ ಕಾಳಗವೂ ಅಲ್ಲಿ ವಿಸ್ತಾರವಾಗಿ ವರ್ಣಿತವಾಗಿವೆ. ಆಸ್ಥಾನಕಾವ್ಯದ ಉತ್ಪ್ರೇಕ್ಷೆಯನ್ನು ಕಳೆದು ನೋಡಿದರೂ, ವ್ಯಾಯಾಮ ಮತ್ತು ಶಸ್ತ್ರಾಭ್ಯಾಸಗಳು ಆ ಪ್ರಭುತ್ವದ ದಿನಚರಿಯ ಭಾಗವಾಗಿದ್ದವೆಂಬುದು ತಿಳಿಯುತ್ತದೆ. ಕಂಠೀರವರನ್ನು ಕೊಲ್ಲಲು ತಿರುಚಿರಾಪಳ್ಳಿಯಿಂದ ಬಂದ ಇಪ್ಪತ್ತೈದು ಜನ ಅರಮನೆಯೊಳಗೇ ಅವರಿಂದ ಹತರಾದರೆಂಬ ಇನ್ನೊಂದು ಐತಿಹ್ಯಕ್ಕಿಂತ ಈ ಸಾಕ್ಷ್ಯ ಗಟ್ಟಿಯಾದುದು. 1960ರಲ್ಲಿ ರಾಜಕುಮಾರ್ ಅಭಿನಯದ ‘ರಣಧೀರ ಕಂಠೀರವ’ ಚಲನಚಿತ್ರ ಐತಿಹ್ಯದ ಚಿತ್ರಕ್ಕೆ ಮುಖವನ್ನೂ ಮೈಕಟ್ಟನ್ನೂ ಕೊಟ್ಟ ಮೇಲೆ ಕಾವ್ಯದ ಕಂಠೀರವರು ಇನ್ನಷ್ಟು ಹಿಂದೆ ಸರಿದರು.

1659ರ ಜುಲೈನಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ದೊಡ್ಡ ದೇವರಾಜ ಒಡೆಯರು ಪಟ್ಟಕ್ಕೆ ಬಂದರು. ಕಂಠೀರವರ ಕಾಲದಲ್ಲಿ ಮೈಸೂರಿಗೆ ಎಟುಕದಿದ್ದ ಮಧುಗಿರಿ, ಉಕ್ಕಿನ ಕುಲುಮೆಗಳ ನಾಡಿನೊಡನೆ, ಚಿಕ್ಕದೇವರಾಜ ಒಡೆಯರ ಸೇನೆಗೆ ವಶವಾದದ್ದು 1678ರಲ್ಲಿ.