ಊಟಿಯಲ್ಲಿ ಮಲಗಿರುವ ಮಾಣೆಕ್ ಷಾ: ಯೋಧನ ಬಾಕಿ ತೀರಲು ಬೇಕಾಯ್ತು ಮೂರು ದಶಕ!

ಚಿತ್ರದುರ್ಗ: ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಎಷ್ಟೋ ಜನ ಊಟಿಗೆ ಟೂರ್ ಹೋಗ್ತಾರೆ. ಗಾರ್ಡನ್ ನೋಡಿ, ಬೋಟಿಂಗ್ ಮಾಡಿ ವಾಪಸ್ ಬರ್ತಾರೆ. ಅದೇ ಊರಿನ ಪಾರ್ಸಿ ಸ್ಮಶಾನದಲ್ಲಿ ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್ ಷಾ ಸಮಾಧಿ ಇರೋದು ಹೆಚ್ಚಿನವರಿಗೆ ಗೊತ್ತಿಲ್ಲ.

1914ರ ಏಪ್ರಿಲ್ 3ರಂದು ಅಮೃತಸರದಲ್ಲಿ ಹುಟ್ಟಿದ ಇವರು ಡೆಹ್ರಾಡೂನ್ ಮಿಲಿಟರಿ ಅಕಾಡೆಮಿಯ ಮೊದಲ ಬ್ಯಾಚ್. ತಂದೆ ಡಾಕ್ಟರ್. ಮಗ ಸೇರಿದ್ದು ಕಾಲ್ದಳಕ್ಕೆ.

1942ರ ಫೆಬ್ರವರಿ. ಎರಡನೇ ಮಹಾಯುದ್ಧ. ಬರ್ಮಾದ ಸಿತ್ತಾಂಗ್ ನದಿ ಸೇತುವೆ ಹತ್ತಿರ ಜಪಾನಿ ಸೈನ್ಯದ ಜೊತೆ ಹೋರಾಟ. ಕಂಪನಿ ಮುನ್ನಡೆಸುತ್ತಿದ್ದ ಕ್ಯಾಪ್ಟನ್ ಮಾಣೆಕ್ ಷಾ ಹೊಟ್ಟೆಗೆ ಮೆಷಿನ್ ಗನ್ ಗುಂಡುಗಳು ಹೊಕ್ಕವು. ಇನ್ನು ಉಳಿಯಲ್ಲ ಅಂದುಕೊಂಡ ಜನರಲ್ ಕೋವನ್, ಸತ್ತವರಿಗೆ ಮಿಲಿಟರಿ ಕ್ರಾಸ್ ಪದಕ ಸಿಗಲ್ಲ ಅನ್ನೋ ಕಾರಣಕ್ಕೆ ತಮ್ಮದೇ ಪದಕ ಬಿಚ್ಚಿ ಅವರ ಎದೆಗೆ ಚುಚ್ಚಿದರು. ಆದರೆ ಆರ್ಡರ್ಲಿ ಶೇರ್ ಸಿಂಗ್ ಕೈಬಿಡಲಿಲ್ಲ. ಸಾಹೇಬರನ್ನು ಹೊತ್ತುಕೊಂಡೇ ಡಾಕ್ಟರ್ ಹತ್ತಿರ ಸೇರಿಸಿದ. ಕರುಳಿನ ಬಹುಭಾಗ ಕತ್ತರಿಸಿ ತೆಗೆದರು. ಜೀವ ಉಳೀತು.

ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. 1943ರಲ್ಲಿ ಕ್ವೆಟ್ಟಾದಲ್ಲಿ ಸ್ಟಾಫ್ ಕಾಲೇಜು ಕೋರ್ಸ್ ಮುಗಿಸಿ ಮತ್ತೆ ಬರ್ಮಾಕ್ಕೇ ಹೋದರು. 1969ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1971ರ ಡಿಸೆಂಬರ್‌ನಲ್ಲಿ 13 ದಿನದ ಯುದ್ಧ ಮುಗಿದಾಗ ಬಾಂಗ್ಲಾದೇಶ ಹುಟ್ಟಿತ್ತು, ಸುಮಾರು 93,000 ಜನ ಶರಣಾಗಿದ್ದರು.

1973ರ ಜನವರಿಯಲ್ಲಿ ದೇಶದ ಮೊದಲ ಫೀಲ್ಡ್ ಮಾರ್ಷಲ್ ಆದರು. ಆಮೇಲೆ ಆ ಪದವಿ ಸಿಕ್ಕಿದ್ದು ನಮ್ಮ ಕೊಡಗಿನ ಕಾರ್ಯಪ್ಪನವರಿಗೆ, 1986ರಲ್ಲಿ. ಸೇನೆ ಬಿಟ್ಟ ಮೇಲೆ ಮಾಣೆಕ್ ಷಾ ಪತ್ನಿ ಸಿಲೂ ಜೊತೆ ನೀಲಗಿರಿಯ ಕೂನೂರಿನಲ್ಲಿ ನೆಲೆಸಿದರು.

ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅನ್ನೋದಿಲ್ಲ, ಸಾಯೋವರೆಗೂ ಪೂರ್ತಿ ಸಂಬಳ ಸಿಗಬೇಕು. ಅದು ಇವರಿಗೆ ಸಿಗಲೇ ಇಲ್ಲ. ಬಾಕಿ ಒಂದು ಕೋಟಿ ರೂಪಾಯಿ ದಾಟಿತ್ತು. ಚೆಕ್ ಕೈಗೆ ಬಂದಿದ್ದು 2007ರಲ್ಲಿ, ವಯಸ್ಸು ತೊಂಬತ್ತು ದಾಟಿದ ಮೇಲೆ! ಮರುವರ್ಷ ಜೂನ್ 27ರಂದು ವೆಲ್ಲಿಂಗ್ಟನ್ ಮಿಲಿಟರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ರಾಷ್ಟ್ರಪತಿಯೂ ಬರಲಿಲ್ಲ, ಪ್ರಧಾನಿಯೂ ಬರಲಿಲ್ಲ. ಸರ್ಕಾರದಿಂದ ಬಂದವರು ರಕ್ಷಣಾ ಖಾತೆಯ ರಾಜ್ಯ ಸಚಿವರು.

ಅಷ್ಟು ದೊಡ್ಡವರ ಬಾಕಿಗೇ ಇಷ್ಟು ವರ್ಷ ಹಿಡೀತು. ಇನ್ನು ನಮ್ಮ ತಾಲ್ಲೂಕಿನ ಸಾಮಾನ್ಯ ಮಾಜಿ ಸೈನಿಕರ ಪಾಡೇನು? ಕಾಗದ ಹಿಡಿದು ಅಲೆಯೋ ಅಂಥವರು ನಿಮ್ಮ ಅಂಗಡಿ ಮುಂದೆ ನಿಂತರೆ ಒಂದು ಕುರ್ಚಿ ಹಾಕಿ, ಮಾತಾಡಿಸಿ. ಮುಂದಿನ ಸಲ ಊಟಿಗೆ ಹೋದಾಗ ಆ ಸಮಾಧಿಗೂ ಕೈ ಮುಗಿದು ಬನ್ನಿ.