ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್ ಅವರ ಜೀವನ



ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಕಗ್ಗದಾಸಪುರ, ಮಲ್ಲೇಶಪಾಳ್ಯ, ಹಲಸೂರು ಕಡೆಯಿಂದ ಕಾವಿ ಬಟ್ಟೆ ತೊಟ್ಟು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೆ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಈಗ ಕಾಣುವ ಎತ್ತರದ ಗೋಪುರದ ದೇವಾಲಯ 1882ರದ್ದು. ಬಹಳ ಹಿಂದೆ ಅಲ್ಲಿದ್ದದ್ದು ಹುಲ್ಲು ಹೊದಿಸಿದ ಒಂದು ಪುಟ್ಟ ಗುಡಿ. ಸೆಂಜಿ ಸೀಮೆಯಿಂದ ಬಂದ ರೈತಾಪಿ ಕ್ರೈಸ್ತರು ಅಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರಂತೆ, ಅದಕ್ಕೇ ಊರಿಗೆ ಬಿಳಿಅಕ್ಕಿಪಳ್ಳಿ ಅಂತ ಹೆಸರು ಬಂತು ಅಂತ ಹಿರಿಯರು ಹೇಳೋದುಂಟು. 1803ರ ಸುಮಾರಿಗೆ ಆ ಹುಲ್ಲಿನ ಗುಡಿಯನ್ನು ಕಟ್ಟಿಸಿದವರೆಂದು ಬಸಿಲಿಕದ ಇತಿಹಾಸ ನೆನೆಯುವುದು ಒಬ್ಬ ಫ್ರೆಂಚ್ ಗುರುಗಳನ್ನು. ಅವರೇ ಅಬ್ಬೆ ದುಬಾಯ್. ಹಳ್ಳಿಯವರ ಬಾಯಲ್ಲಿ ದೊಡ್ಡ ಸ್ವಾಮಿಯವರು.

ಇವರು ಸಂತರ ಪಟ್ಟಿಯಲ್ಲಿಲ್ಲ. ಇವರ ಹೆಸರಲ್ಲಿ ನೊವೆನಾ ಇಲ್ಲ, ತೇರಿಲ್ಲ. ಆದರೂ ಈ ಪುಸ್ತಿಕೆಯಲ್ಲಿ ಇವರ ಕಥೆ ಹಾಕಿರುವುದಕ್ಕೆ ಕಾರಣವಿದೆ. ನೆರೆಯವರ ಕೂಲಿ, ಭೂಮಿ, ಆರೋಗ್ಯ ಇವೆಲ್ಲ ನಮ್ಮ ವಿಶ್ವಾಸಕ್ಕೆ ಸೇರಿದ ವಿಷಯ ಅಂತ ಧರ್ಮಸಭೆ ಕಾಗದದ ಮೇಲೆ ಬರೆದು ಸಾರುವ ಎಷ್ಟೋ ವರ್ಷ ಮೊದಲೇ, ನಮ್ಮದೇ ಸೀಮೆಯ ಮಣ್ಣಿನಲ್ಲಿ ಇವರು ಅದನ್ನು ಮಾಡಿಹೋಗಿದ್ದರು.

ಜಾನ್ ಅಂತ್ವಾನ್ ದುಬಾಯ್ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಆಯಿತು. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಇಂಡಿಯಾಕ್ಕೆ ಹಡಗು ಹತ್ತಿದರು. ಆಗ ಫ್ರಾನ್ಸ್ ಕ್ರಾಂತಿಯ ಬೆಂಕಿಯಲ್ಲಿತ್ತು, ಗುರುಗಳ ತಲೆ ಉಳಿಯುವುದೇ ಕಷ್ಟವಾಗಿತ್ತು. ಇಲ್ಲಿಗೆ ಬಂದ ಮೇಲೆ ಉಡುಗೆ, ಊಟ, ನಡೆ ನುಡಿ ಎಲ್ಲವನ್ನೂ ಈ ನಾಡಿನವರಂತೆ ಮಾಡಿಕೊಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಗಾರ ಬರೆದ ಅವರ ಚಿತ್ರ ಉಳಿದಿದೆ. ಅದರಲ್ಲಿ ನಮ್ಮವರ ಹಾಗೇ ಬಟ್ಟೆ ತೊಟ್ಟಿದ್ದಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಅಲ್ಲಿನ ಕ್ರೈಸ್ತರ ಪಾಡು ಕೇಳುವ ಹಾಗಿರಲಿಲ್ಲ. 1784ರಲ್ಲಿ ಕೆನರಾ ಸೀಮೆಯಿಂದ ಸೆರೆ ಹಿಡಿದು ತಂದವರು, ಬಲವಂತಕ್ಕೆ ಧರ್ಮ ಬಿಟ್ಟವರು, ಮನೆಮಠ ಕಳೆದುಕೊಂಡವರು ದಿಕ್ಕಿಲ್ಲದೆ ಚದುರಿಹೋಗಿದ್ದರು. ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ಈ ಜನರನ್ನು ಒಟ್ಟುಗೂಡಿಸಲು ದುಬಾಯ್ ಅವರನ್ನು ಕರೆಸಿದ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಅಂತ ಹೆಸರಾದವನು ಇವನೇ. ಗುರುಗಳು ಬಂದರು, ಬಲಿಪೂಜೆ ಮಾಡಿದರು, ಪಾಪನಿವೇದನೆ ಕೇಳಿದರು. ಆದರೆ ಹೊಟ್ಟೆಗೆ ಹಿಟ್ಟಿಲ್ಲದವನನ್ನು ಬರೀ ಗುಡಿಯೊಳಗೆ ಕರೆದುಕೊಂಡರೆ ಸಾಲದು ಅಂತ ಅವರಿಗೆ ಅರ್ಥವಾಯಿತು. ಹಾಸನದ ಹತ್ತಿರ ಸಾತಹಳ್ಳಿಯ ಕಡೆ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಜನ ಉಳುವ ನೆಲಕ್ಕೆ ಅಂಟಿಕೊಂಡರು, ಊರಾದರು. ಆ ಸುತ್ತಿನಲ್ಲಿ ಇಂದಿಗೂ ಕನ್ನಡ ಮಾತಾಡುವ ಕ್ರೈಸ್ತ ಹಳ್ಳಿಗಳಿವೆ. ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಗುಡಿಯನ್ನು ನೋಡಲು ಜನ ಹೋಗುತ್ತಾರಲ್ಲ, ಅದೂ ಅದೇ ಕಡೆಯದು. ಅದನ್ನು 1860ರ ಸುಮಾರಿಗೆ ಕಟ್ಟಿದವರು ಇವರ ನಂತರ ಬಂದ ಫ್ರೆಂಚ್ ಗುರುಗಳು. ಜನ ಫೋಟೋ ತೆಗೆದುಕೊಂಡು ಬರುತ್ತಾರೆ, ಊರು ಮುಳುಗಿ ಎದ್ದುಹೋದ ರೈತರು ಎಲ್ಲಿ ಅಂತ ಕೇಳುವವರು ಕಡಿಮೆ.

1891ರಲ್ಲಿ ಜಗದ್ಗುರು 13ನೇ ಲಿಯೋ ಅವರು ಕಾರ್ಮಿಕರ ವಿಷಯವಾಗಿ ಇಡೀ ಧರ್ಮಸಭೆಗೆ ಒಂದು ಪತ್ರ ಬರೆದರು. ರೇರುಮ್ ನೊವಾರುಮ್ ಅಂತ ಅದರ ಹೆಸರು. ದುಡಿಯುವವನಿಗೆ ಸಂಸಾರ ಸಾಗುವಷ್ಟು ಕೂಲಿ ಸಿಗಬೇಕು, ಉಳಿಸಿದ ಹಣದಲ್ಲಿ ತುಂಡು ಭೂಮಿ ಕೊಳ್ಳುವಂತಾಗಬೇಕು, ಕೆಲಸಗಾರರು ಸಂಘ ಕಟ್ಟಿಕೊಳ್ಳಬಹುದು, ಬಡವನ ಪರ ಸರ್ಕಾರ ನಿಲ್ಲಬೇಕು ಎಂಬುದು ಅದರ ತಿರುಳು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು 14ನೇ ಲಿಯೋ ಅಂತ ಹೆಸರಿಟ್ಟುಕೊಂಡದ್ದೂ ಆ ಪತ್ರದ ನೆನಪಿಗಾಗಿಯೇ. ಈ ಬೋಧನೆ ರೋಮಿನದ್ದು, ನಮಗೇನು ಅನ್ನಬೇಡಿ. ಕಗ್ಗದಾಸಪುರದ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ ಬರುವ ಅಕ್ಕನಿಗೆ ವಾರಕ್ಕೊಂದು ರಜೆ ಉಂಟೋ ಇಲ್ಲವೋ, ಜ್ವರ ಬಂದ ದಿನ ಅವಳ ಸಂಬಳ ಹಿಡಿಯುತ್ತೇವೋ ಬಿಡುತ್ತೇವೋ, ಕಟ್ಟಡದಲ್ಲಿ ಗಾರೆ ಕೆಲಸ ಮಾಡುವ ಹುಡುಗನಿಗೆ ಶನಿವಾರದ ಬಟವಾಡೆ ಸರಿಯಾಗಿ ಸಿಕ್ಕಿತೋ, ನಮ್ಮ ಮನೆಯ ಕೊಳಚೆ ಊರಿನ ಕೆರೆಗೆ ಸೇರುತ್ತದೋ, ಈ ಪ್ರಶ್ನೆಗಳೆಲ್ಲ ಆ ಪತ್ರಕ್ಕೆ ಸೇರಿದವೇ. ಕೆರೆಯ ವಿಷಯವನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಇನ್ನೂ ಬಿಡಿಸಿ ಬರೆದರು.

ಇನ್ನು ದೊಡ್ಡ ಸ್ವಾಮಿಯವರ ಮುಖ್ಯ ಕೆಲಸಕ್ಕೆ ಬರೋಣ. ಅಂದಿನ ಕಾಲದಲ್ಲಿ ಸಿಡುಬು ಅಂದರೆ ಊರಿಗೆ ಊರೇ ನಡುಗುತ್ತಿತ್ತು. ಅಮ್ಮ ಬಂದಳು ಅಂತ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಜನರ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯರು 1796ರಲ್ಲಿ ದನದ ಸಿಡುಬಿನ ಕೀವಿನಿಂದ ಇದಕ್ಕೆ ಲಸಿಕೆ ಕಂಡುಹಿಡಿದಿದ್ದರು. 1802ರಲ್ಲಿ ಅದು ಮುಂಬಯಿಗೆ ಬಂತು. ಆಗ ಐಸ್‌ಪೆಟ್ಟಿಗೆ ಇಲ್ಲ, ಶೀಶೆಯಲ್ಲಿ ತುಂಬಿ ಕಳಿಸಿದರೆ ಹಾದಿಯ ಸೆಖೆಗೆ ಕೆಡುತ್ತಿತ್ತು. ಆದ್ದರಿಂದ ತೋಳಿಂದ ತೋಳಿಗೆ ದಾಟಿಸುತ್ತಿದ್ದರು. ಒಂದು ಮಗುವಿನ ತೋಳಿಗೆ ಹಾಕಿ, ಎಂಟನೇ ದಿನದ ಹೊತ್ತಿಗೆ ಗುಳ್ಳೆ ತುಂಬಿದಾಗ ಅದರ ರಸ ತೆಗೆದು ಮುಂದಿನ ಮಗುವಿಗೆ ಗೀರುವುದು. ಒಬ್ಬ ತಾಯಿ ನನ್ನ ಮಗನಿಗಾಯಿತು, ಸಾಕು ಅಂತ ಬಾಗಿಲು ಹಾಕಿಕೊಂಡರೆ ಅಲ್ಲಿಗೆ ಸರಪಳಿ ಕಡಿಯಿತು. ಪಕ್ಕದ ಕೇರಿಯ ಮಗುವಿಗೆ ಇಲ್ಲ. ಅದರ ಮೇಲೆ ಜಾತಿ. ಯಾವ ಮನೆಯ ಕೂಸಿನ ಗುಳ್ಳೆಯ ರಸ ಯಾವ ಮನೆಯ ಕೂಸಿನ ಮೈಗೆ ಹೋಗಬೇಕು? ಮುಟ್ಟಿಸಿಕೊಳ್ಳದ ಜನ ಇದಕ್ಕೆ ಒಪ್ಪುವುದೆಂದರೆ ಸಣ್ಣ ಮಾತೇ?

ಮೈಸೂರು ಸೀಮೆಯಲ್ಲಿ ದುಬಾಯ್ ಅವರ ಮೇಲ್ವಿಚಾರಣೆಯಲ್ಲಿ 1803-04ರ ಅವಧಿಯೊಳಗೆ 25,000ಕ್ಕೂ ಹೆಚ್ಚು ಜನರಿಗೆ ಹೀಗೆ ಲಸಿಕೆ ಬಿತ್ತು, ಲೆಕ್ಕವೂ ಬರೆದಿಡಲಾಯಿತು. ಅವರಲ್ಲಿ ಕ್ರೈಸ್ತರು ಹಿಡಿಯಷ್ಟೇ ಇದ್ದಾರು. ಊರವರಂತೆ ಉಟ್ಟು ಉಂಡು ಬದುಕಿದ್ದಕ್ಕೇ ಜನ ಅವರ ಮಾತಿಗೆ ತೋಳು ಚಾಚಿದರೇನೋ. ಮೈಸೂರು ಅರಮನೆಯೂ ಈ ಕೆಲಸಕ್ಕೆ ಬೆಂಬಲವಾಗಿತ್ತು. ದುಬಾಯ್ ಅವರ ಚಿತ್ರ ಬರೆದ ಹಿಕ್ಕಿಯೇ 1805ರಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ ಅರಮನೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡ ತೋಳನ್ನು ತೋರುತ್ತಿದ್ದಾರೆ ಅಂತ ಒಬ್ಬ ಇತಿಹಾಸಕಾರರು ಹೇಳಿದ್ದಾರೆ. ಇಂಡಿಯಾದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರಲ್ಲಿ. ಅಲ್ಲಿಯವರೆಗೂ ಕೆಲಸ ನಡೆದೇ ಇತ್ತು. 2021ರಲ್ಲಿ ಕೋವಿಡ್ ಲಸಿಕೆಗೆ ಫೋನಿನಲ್ಲಿ ಹೆಸರು ಬರೆಸಬೇಕಾದಾಗ, ಫೋನ್ ಬಾರದ ಅಜ್ಜಿ ತಾತಂದಿರಿಗೆ ಪಕ್ಕದ ಮನೆಯ ಹುಡುಗರೇ ಬರೆಸಿಕೊಟ್ಟಿದ್ದು ನಿಮಗೆ ನೆನಪಿರಬಹುದು.

ಲೋಕಕ್ಕೆ ಇವರ ಹೆಸರು ಗೊತ್ತಿರುವುದು ಪುಸ್ತಕದಿಂದ. ಹಿಂದೂ ಜನರ ಆಚಾರ ವಿಚಾರ ಕುರಿತು ಫ್ರೆಂಚ್ ಭಾಷೆಯಲ್ಲಿದ್ದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಮೊದಲು ಇಲ್ಲಿದ್ದ ಯೇಸುಸಭೆಯ ಗುರು ಕೆರ್ದೂ ಅವರ ಬರಹದಿಂದ ತೆಗೆದದ್ದೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿಕೊಟ್ಟರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆ ಪುಸ್ತಕದಲ್ಲಿ ಜಾತಿ ಪದ್ಧತಿಯನ್ನು ಹೊಗಳಿದ ಮಾತುಗಳೂ ಇವೆ, ನಮ್ಮ ಜನರ ಬಗ್ಗೆ ಕಟುವಾದ ಮಾತುಗಳೂ ಇವೆ. ಇಂದಿನ ಧರ್ಮಸಭೆ ಅದನ್ನು ಒಪ್ಪುವುದಿಲ್ಲ, ನಾವೂ ಒಪ್ಪಬೇಕಾಗಿಲ್ಲ. ತೋಳಿಂದ ತೋಳಿಗೆ ಜಾತಿ ದಾಟಿಸಿದ ಮನುಷ್ಯ ಹಾಳೆಯ ಮೇಲೆ ಮಾತ್ರ ದಾಟಲಿಲ್ಲ!

1823ರ ಜನವರಿಯಲ್ಲಿ, ಮೂವತ್ತು ವರ್ಷದ ಮೇಲೆ, ಅವರು ಇಂಡಿಯಾ ಬಿಟ್ಟರು. ಕಂಪನಿ ಪಿಂಚಣಿ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಅವರ ಪತ್ರಗಳ ಪುಸ್ತಕ ಹೊರಬಂತು. ಈ ನಾಡಿನವರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ಇಪ್ಪತ್ತೈದು ವರ್ಷ ದುಡಿದರೂ ತಮ್ಮಿಂದ ದೀಕ್ಷಾಸ್ನಾನ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರ ಅಂತ ಸೋತ ಮನಸ್ಸಿನಿಂದ ಲೆಕ್ಕ ಒಪ್ಪಿಸಿದ್ದರು. ಮಿಷನರಿಗಳೆಲ್ಲ ಅವರ ಮೇಲೆ ಮುಗಿಬಿದ್ದರು. ಆ ಲೆಕ್ಕದಲ್ಲಿ ಸಾತಹಳ್ಳಿಯ ಉಳುಮೆಯನ್ನೂ 25,000 ತೋಳುಗಳನ್ನೂ ಅವರು ಸೇರಿಸಲಿಲ್ಲ. ಅವರ ದೃಷ್ಟಿಯಲ್ಲಿ ಅದು ಬೇರೆ ಖಾತೆ.

ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಸೆಮಿನರಿಯಲ್ಲಿ ಉಳಿದರು, ಪಂಚತಂತ್ರವನ್ನು ಫ್ರೆಂಚಿಗೆ ತಂದರು, ಕೆಲವು ವರ್ಷ ಸಂಸ್ಥೆಯ ಮೇಲಧಿಕಾರಿಯೂ ಆಗಿದ್ದರು. 1848ರಲ್ಲಿ ತೀರಿಕೊಂಡರು. ಅದೇ ವರ್ಷ ಪ್ಯಾರಿಸ್ಸಿನ ಕೂಲಿಗಾರರು ಕೆಲಸ ಕೇಳುತ್ತಾ ಬೀದಿಗಿಳಿದಿದ್ದರು.

ಈ ಬೆಟ್ಟದಿಂದ ಇಳಿದು ಮೈಸೂರು ಕಡೆಗೆ ಹೋಗುವ ಯಾತ್ರಿಕರು ಶ್ರೀರಂಗಪಟ್ಟಣದಲ್ಲಿ ಇಳಿದು ಗಂಜಾಂಗೆ ಆಟೊ ಹಿಡಿಯಬಹುದು. ಅಲ್ಲೊಂದು ಹಳೆಯ ಚಿಕ್ಕ ಗುಡಿಯಿದೆ. ಅಬ್ಬೆ ದುಬಾಯ್ ಚರ್ಚು ಅಂದರೆ ದಾರಿ ತೋರಿಸುತ್ತಾರೆ.